ಸೈಲೆನ್ಸರ್ ಬದಲಾದ ಬುಧವಾರ

ಆ ಬುಧವಾರ ಕಾರಿನ ಹಿಂದಿನ ಸೀಟಿನಲ್ಲಿ ನಾನು ಎಡಗಡೆ ಕೂತಿದ್ದೆನೋ ಬಲಗಡೆಯೋ, ಈಗ ಖಚಿತವಾಗಿ ಹೇಳಲಾರೆ. ಎಂಬತ್ತರ ದಶಕದ ಆರಂಭ, ಗುಲ್ಬರ್ಗದಲ್ಲಿ ಬಿ.ಎಸ್ಸಿ. ಓದುತ್ತಿದ್ದ ನಾನು ರಜೆಗೆ ಆಳಂದಕ್ಕೆ ಬಂದಿದ್ದೆ. ಅಂದಿನ ನನ್ನ ಡೈರಿಯಲ್ಲಿ ಇರುವುದು ಬರೀ ಅಂಕಿಗಳು. ಉಳಿದದ್ದನ್ನು ನೆನಪಿನಿಂದ ಬರೆಯುತ್ತಿದ್ದೇನೆ. ಮನೆಯಲ್ಲಿ ಆಮೇಲೆ ಆಡಿದ ಮಾತುಗಳು ಅದರಲ್ಲಿ ಎಷ್ಟು ಬೆರೆತಿವೆಯೋ ತಿಳಿಯದು.

ಅಪ್ಪ ಆಳಂದದಲ್ಲಿ ಡಾಕ್ಟರು. ಪ್ರತಿ ಬುಧವಾರ ತಮ್ಮ ಹಳೆಯ ಕಾರಿನಲ್ಲಿ ಕಿಣ್ಣಿ ಸುಲ್ತಾನದ ಕಡೆಯ ಹಳ್ಳಿಗಳಿಗೆ ಹೋಗುತ್ತಿದ್ದರು. ಹೊತ್ತು ಗೊತ್ತಿರುತ್ತಿರಲಿಲ್ಲ, ಬೆಳಿಗ್ಗೆ ಹತ್ತಾದರೂ ಆಗಬಹುದು, ಮಧ್ಯಾಹ್ನ ಎರಡಾದರೂ ಆಗಬಹುದು. ಫೋನಿಲ್ಲದ ಊರುಗಳಲ್ಲಿ ಕಾರಿನ ಸದ್ದೇ ಸುದ್ದಿ. ಅದರ ಗುಡುಗುಡು, ನಡುನಡುವೆ ಬರುವ ಕೆಮ್ಮು, ಎರೆಹೊಲಗಳ ಬಯಲಿನಲ್ಲಿ ಒಂದು ಮೈಲಿಯಾಚೆಯಿಂದಲೇ ಕೇಳುತ್ತಿತ್ತು. ಕೇಳಿದವರು ಕೈಯಲ್ಲಿದ್ದ ಕೆಲಸ ಬಿಟ್ಟು ಕಾಯಿಲೆಯವರನ್ನು ರಸ್ತೆಗೆ ಕರೆತಂದು ನಿಲ್ಲುತ್ತಿದ್ದರು. ಯಾರೂ ನಿಂತಿಲ್ಲವೆಂದರೆ ಆ ಊರಲ್ಲಿ ಎಲ್ಲರೂ ಅರಾಮ ಎಂದು ಅರ್ಥ. ಕಾರು ಮುಂದೆ ಹೋಗುತ್ತಿತ್ತು.

ಹಿಂದಿನ ವಾರ ಅಪ್ಪ ಕಿಣ್ಣಿ ಸುಲ್ತಾನದ ಆಚೆ, ರಸ್ತೆಯಿಂದ ಒಂದು ಹೊಲದಷ್ಟು ಒಳಗಿದ್ದ ಮನೆಯ ಸೊಸೆಯನ್ನು ನೋಡಿದ್ದರು. ಚೊಚ್ಚಲ ಬಸುರಿ, ಎಂಟನೆಯ ತಿಂಗಳು. ಕಾಲು, ಮುಖ ಬಾತಿದ್ದವು. ಬಿ.ಪಿ. ಏರಿತ್ತು. ಅತ್ತೆಗೆ ಹೇಳಿದ್ದರಂತೆ: “ಬಾವು ಇಳೀಲಿಲ್ಲ, ತಲಿ ನೋಯಾಕತ್ತು ಅಂದ್ರ ಮುಂದಿನ ಬುಧವಾರ ರಸ್ತಾಕ್ಕ ಬರ್ರಿ, ಗುಲ್ಬರ್ಗಕ್ಕ ಕಳಸ್ತೇನಿ. ಅರಾಮಿದ್ರ ಸುಮ್ಮ ಬಿಸಲಾಗ ನಿಲ್ಲಬ್ಯಾಡ್ರಿ.”

ಅಣ್ಣ ಕಾರಿಗೆ ಕೈ ಹಚ್ಚಿದ್ದು ಅದೇ ವಾರ. ಇಂಜಿನಿಯರಿಂಗ್ ಓದುತ್ತಿದ್ದ ಅವನು, ಈ ಇಂಜಿನ್ನಿನ ಉಸಿರು ಕಟ್ಟಿದೆ, ಬಿಚ್ಚಿಬಿಟ್ಟರೆ ರೇಸಿನ ಗಾಡಿ ಇದ್ದಹಾಗೆ ಎನ್ನುತ್ತಿದ್ದ. ಗ್ಯಾರೇಜಿನ ಉಸ್ತಾದರ ಜೊತೆ ಎರಡು ದಿನ ಕೂತ. ಇಂಜಿನ್ನಿನಿಂದ ಹೊಗೆ ಬರುವ ನಾಲ್ಕು ಬಾಯಿಗೂ ಬೇರೆ ಬೇರೆ ಪೈಪು ಬೆಸೆದು ಮುಂದೆ ಒಂದಾಗಿಸಿದರು. ಸೈಲೆನ್ಸರ್ ಸೀಳಿ ಒಳಗಿನ ತಗಡುಗಳನ್ನೆಲ್ಲ ಕಿತ್ತರು. ಕಾರ್ಬುರೇಟರಿಗೆ ಪೆಟ್ರೋಲ್ ಹೆಚ್ಚು ಬಿಡುವ ದೊಡ್ಡ ಜೆಟ್ ಹಾಕಿ, ಕಿಡಿ ಹಾರುವ ಟೈಮಿಂಗ್ ತುಸು ಮುಂದಕ್ಕೆ ತಂದರು. ಚಾಲೂ ಮಾಡಿದಾಗ ನಾನೂ ಅಲ್ಲಿದ್ದೆ, ಗ್ಯಾರೇಜಿನ ಮಾಡಿನ ತಗಡು ಪತ್ರಾಸು ಅದುರಿತು.

“ಇನ್ನ ಸಾಹೇಬ್ರು ಬಂದ್ರಂತ ಯಾರಿಗೂ ತಿಳಿಯಂಗಿಲ್ರಿ,” ಎಂದು ಉಸ್ತಾದರು ನಕ್ಕರು. “ಮಿನಿಸ್ಟರ್ ಬಂದಾರಂತ ಹಾರ ತಗೊಂಡು ಬರ್ತಾರ ನೋಡ್ರಿ.”

ನಾವೂ ನಕ್ಕೆವು. ನಾನೂ ನಕ್ಕೆ, ಅದು ಚೆನ್ನಾಗಿ ನೆನಪಿದೆ.

ಬುಧವಾರ ಅಪ್ಪ ಅಂಗಳದಲ್ಲೇ ಮುಖ ಕಿವುಚಿದರು. “ಏನಪಾ ಇದು, ಕೋಣ ಒದರಿದಂಗ?”

“ಮೊದಲ ಪಿಕಪ್ ನೋಡ್ರಿ ಅಪ್ಪಾ, ಆಮ್ಯಾಲ ಬೈರಿ,” ಎಂದ ಅಣ್ಣ.

ಅವನೇ ಓಡಿಸಿದ. ಹೊರಡುವ ಮುನ್ನ ನನ್ನ ಕೈಗೆ ಗಡಿಯಾರ ಕೊಟ್ಟು, ಒಂದು ಕಿಲೋಮೀಟರ್ ಕಲ್ಲಿನಿಂದ ಮುಂದಿನ ಕಲ್ಲಿಗೆ ಎಷ್ಟು ಸೆಕೆಂಡು ಹಿಡಿಯುತ್ತದೆ ಎಂದು ಬರೆದುಕೋ, ಅಪ್ಪನಿಗೆ ಹೇಳಬೇಡ ಎಂದಿದ್ದ. ಬರೆದುಕೊಂಡೆ. ಕಿಣ್ಣಿ ಸುಲ್ತಾನ ದಾಟಿದ ಮೇಲಿನ ನೆಟ್ಟನೆಯ ರಸ್ತೆಯಲ್ಲಿ ನಲವತ್ತೊಂದು ಸೆಕೆಂಡು; ಡೈರಿಯಲ್ಲಿದೆ. ಆ ಬಸುರಿಯ ಮನೆ ಇದ್ದದ್ದು ಆ ಎರಡು ಕಲ್ಲುಗಳ ನಡುವೆ. ಅಪ್ಪ ಮುಂದೆ ಬಾಗಿ ರಸ್ತೆ ನೋಡಿದರು. “ಯಾರೂ ನಿಂತಿಲ್ಲ. ಬಾವು ಇಳದಿರಬೇಕು,” ಎಂದರು. ಕಾರು ನಿಲ್ಲಲಿಲ್ಲ.

ಮುಂದಿನ ಊರಲ್ಲೂ ಯಾರೂ ಇಲ್ಲ. ಅದರ ಮುಂದಿನದರಲ್ಲೂ ಇಲ್ಲ. ಮಂಡಿನೋವು ಹೇಳಲು ಒಂದು ವಾರವೂ ತಪ್ಪಿಸದ ಮುದುಕ ಕೂಡ ರಸ್ತೆಯಲ್ಲಿರಲಿಲ್ಲ. ಅಪ್ಪ ಕಾರು ನಿಲ್ಲಿಸಲು ಹೇಳಿದರು. ತನ್ನ ಮನೆಯ ಕಟ್ಟೆಯ ಮೇಲೆ ಕೂತಿದ್ದ ಆ ಮುದುಕ ಕಣ್ಣು ಕಿರಿದು ಮಾಡಿಕೊಂಡು ಬಂದ.

“ಅಯ್ಯ, ನೀವೇನ್ರಿ ಸಾಹೇಬ್ರ! ಜ್ವಾಳದ ರಾಶಿ ಮಾಡೋ ಮಷೀನ್ ಬಂತಂತ ಸುಮ್ಮ ಕುಂತಿದ್ದೆ. ಯಾಕ್ರಿ, ಗಾಡೀಗೂ ದಮ್ಮು ಹತ್ಯಾದೇನು?”

ಅಪ್ಪ ನಗಲಿಲ್ಲ. ಬಂದ ದಾರಿಯತ್ತ ಹೊರಳಿ ನೋಡಿದರು.

“ತಿರುಗಸು,” ಎಂದರು. ಅಣ್ಣ ಅರ್ಥವಾಗದೆ ನೋಡಿದ. “ಆ ಹುಡುಗಿ ಮನೀಗೆ. ತಿರುಗಸೋ!”

ಬಂದದ್ದಕ್ಕಿಂತ ಜೋರಾಗಿ ಹೋದೆವು. ಆ ದಾರಿಯ ಸೆಕೆಂಡುಗಳನ್ನು ನಾನು ಬರೆದಿಲ್ಲ.

ಅತ್ತೆ ರಸ್ತೆಯ ಮೇಲೇ ನಿಂತಿದ್ದಳು. “ನಿಮ್ಮ ಗಾಡಿ ಸಪ್ಪಳಕ್ಕ ಮುಂಜಾನಿಂದ ಕಿವಿ ಇಟ್ಟು ಕುಂತಿದ್ದೆರೀ ಯಪ್ಪಾ. ಸಪ್ಪಳ ಬ್ಯಾರೆ ಇತ್ತು. ಬಣ್ಣ ನೋಡಿ ಗುರ್ತು ಹಿಡದು ಕೈ ಮಾಡ್ಕೋತ ಓಡಿ ಬಂದೆ, ಅಷ್ಟ್ರಾಗ ದಾಟಿ ಹೋದ್ರಿ.” ಒಳಗೆ ಸೊಸೆಗೆ ಆಗಲೇ ಒಮ್ಮೆ ಫಿಟ್ಸ್ ಬಂದು ಹೋಗಿತ್ತು.

ಅಪ್ಪ ಇಂಜೆಕ್ಷನ್ ಕೊಟ್ಟರು. ಕೌದಿಯಲ್ಲಿ ಹೊತ್ತು ತಂದು ಹಿಂದಿನ ಸೀಟಿನಲ್ಲಿ ಮಲಗಿಸಿದೆವು. ತಲೆ ಅತ್ತೆಯ ತೊಡೆಯ ಮೇಲೆ, ಕಾಲು ನನ್ನ ತೊಡೆಯ ಮೇಲೆ. ಅಣ್ಣ ಕಾರು ಚಾಲೂ ಮಾಡುತ್ತಲೇ ಅವಳ ಮೈ ಬೆಚ್ಚಿಬಿತ್ತು. ಅಪ್ಪ ಅವನ ಕೈ ಹಿಡಿದರು.

“ಸಪ್ಪಳ ಕೇಳಿದ್ರ ಮತ್ತ ಫಿಟ್ಸ್ ಬರ್ತದ. ಇಂಥವ್ರನ್ನ ಕತ್ತಲ ಖೋಲ್ಯಾಗ, ಪಿಸುಮಾತಿಲ್ಲದಂಗ ಇಡ್ತಾರ. ಸಪ್ಪಳ ಮಾಡಬ್ಯಾಡ.”

“ಸಾವಕಾಶ ಹೋದ್ರ ಹೊತ್ತಾಗ್ತದಲ್ಲಪ್ಪಾ?”

“ಹೌದು,” ಎಂದರು ಅಪ್ಪ.

ಗುಲ್ಬರ್ಗದವರೆಗೂ ಅಣ್ಣ ಸದ್ದು ಏಳದಂತೆ ಟಾಪ್ ಗೇರಿನಲ್ಲೇ, ಎಕ್ಸಲರೇಟರಿಗೆ ಕಾಲು ತಾಗಿಸಿಯೂ ತಾಗಿಸದ ಹಾಗೆ ಓಡಿಸಿದ. ಅವನ ಶರಟು ಬೆನ್ನಿಗೆ ಅಂಟಿತ್ತು. ಎತ್ತಿನ ಗಾಡಿಗಳು ನಮಗೆ ದಾರಿ ಬಿಡದೆ ಸಾಗುತ್ತಿದ್ದವು, ಹಾರ್ನ್ ಹೊಡೆಯುವ ಹಾಗಿಲ್ಲ. ನನ್ನ ಸೆರಗನ್ನು ಮಡಿಸಿ ಅವಳ ಕಿವಿಗಳ ಮೇಲೆ ಒತ್ತಿ ಹಿಡಿದಿದ್ದೆ ಎಂದು ನನಗೆ ನೆನಪು. ಆದರೆ ಕಾಲು ನನ್ನ ತೊಡೆಯ ಮೇಲಿದ್ದರೆ ಕೈ ಕಿವಿಗೆ ಹೇಗೆ ಮುಟ್ಟೀತು? ಬಹುಶಃ ಒತ್ತಿ ಹಿಡಿದವಳು ಅತ್ತೆ. ಒಂದು ಏರಿನಲ್ಲಿ ಇಂಜಿನ್ ಎಳೆಯಲಾರದೆ ನಿಂತುಹೋಗುವ ಹಾಗಾಯಿತು. ಅಣ್ಣ ಗೇರು ಇಳಿಸಲೇಬೇಕಾಯಿತು. ಪೈಪು ಅಬ್ಬರಿಸಿತು. ನನ್ನ ತೊಡೆಯ ಮೇಲಿದ್ದ ಎರಡೂ ಪಾದಗಳು ಸೆಟೆದುಕೊಂಡವು. ಇದನ್ನು ಯಾರೂ ನನಗೆ ಹೇಳಿಕೊಟ್ಟಿಲ್ಲ.

ಅವಳು ಉಳಿದಳು. ಕೂಸು ಉಳಿಯಲಿಲ್ಲ.

ಒಂದು ತಾಸು ಮೊದಲು ಹೋಗಿದ್ದರೆ ಉಳಿಯುತ್ತಿತ್ತೇ ಎಂದು ಅಪ್ಪನನ್ನು ಕೇಳುವ ಧೈರ್ಯ ನಮ್ಮಿಬ್ಬರಿಗೂ ಬರಲಿಲ್ಲ. ಮರುದಿನ ಅಣ್ಣ ಒಬ್ಬನೇ ಗ್ಯಾರೇಜಿಗೆ ಹೋಗಿ ಪೈಪು ಬಿಚ್ಚಿಸಿಕೊಂಡು ಬಂದ. ಹೊಸ ಸೈಲೆನ್ಸರ್ ಹಾಕಿಸಿದರೂ ಹಳೆಯ ಸದ್ದು ಬರಲಿಲ್ಲ. ಅಂದಿನಿಂದ ಅಪ್ಪ ಯಾರಾದರೂ ನಿಂತಿರಲಿ ಬಿಡಲಿ, ಪ್ರತಿ ಊರಿನಲ್ಲೂ ಕಾರು ನಿಲ್ಲಿಸಿ ಇಳಿದು ನೋಡುತ್ತಿದ್ದರು.

ಅಪ್ಪ ತೀರಿಕೊಂಡ ಮೇಲೆ ಒಮ್ಮೆ ಅಣ್ಣನ ಮನೆಗೆ ಹೋಗಿದ್ದೆ. ಆ ನಲವತ್ತೊಂದು ಸೆಕೆಂಡು ನಾನು ಗಡಿಯಾರ ನೋಡುತ್ತಿದ್ದೆ. ಅಪ್ಪ ಮುಂದೆ ನೋಡುತ್ತಿದ್ದರು. ಹಿಂದಿನ ರಸ್ತೆ ತೋರಿಸುವ ಕನ್ನಡಿ ಇದ್ದದ್ದು ಅವನ ಕಣ್ಣೆದುರು. ತಪ್ಪು ಹೊರಿಸಬೇಕೆಂದಲ್ಲ, ನನಗೆ ತಿಳಿಯಬೇಕಿತ್ತು, ಅದಕ್ಕೇ ಕೇಳಿದೆ. ಇವತ್ತಿನವರೆಗೂ ಅವನು ಹೌದೆಂದಿಲ್ಲ, ಇಲ್ಲವೆಂದಿಲ್ಲ.

“ಅಣ್ಣಾ, ಆಕಿ ಕೈ ಮಾಡ್ಕೋತ ಓಡಿ ಬರೋದು ನಿನಗ ಕಾಣಸಿತ್ತೇನು?”