ರಾತ್ರಿ ಪಾಳಿಯ ರಾಜ

ಮಾವ ಅಂದು ರಂಗದ ಮೇಲೆ ನಿಜವಾಗಿ ಏನು ಹೇಳಿದ ಎಂಬುದನ್ನು ಪ್ರಮಾಣ ಮಾಡಿ ಹೇಳಲಾರೆ. ಈ ಪ್ರಸಂಗವನ್ನು ಎಷ್ಟು ಜನರಿಗೆ ಹೇಳಿದ್ದೇನೆಂದರೆ, ಯಾವುದು ಕೇಳಿದ್ದು, ಯಾವುದು ನಾನೇ ಸೇರಿಸಿದ್ದು ಎಂಬುದು ಕಲಸಿಹೋಗಿದೆ. ವಿಶ್ವವಿದ್ಯಾಲಯದಲ್ಲಿ ಅನುಮಾನಪಡುವುದನ್ನು ಕಲಿತೆ. ಆ ಅನುಮಾನ ಮೊದಲು ತಗುಲಿಕೊಂಡದ್ದು ನನ್ನ ನೆನಪಿಗೇ.

ನನ್ನ ಸೋದರಮಾವ ಸಂಡೂರು ತಾಲ್ಲೂಕಿನ ವಡ್ಡುವಿನವ. ಉಕ್ಕಿನ ಕಾರ್ಖಾನೆಯಲ್ಲಿ ಕ್ರೇನ್ ಆಪರೇಟರ್, ಊರಿನ ದೊಡ್ಡಾಟದ ಮೇಳದಲ್ಲಿ ರಾಜ. ಪಾಳಿ ಬದಲಾದಾಗಲೆಲ್ಲ ತಾಲೀಮು ತಪ್ಪುತ್ತಿತ್ತು. ಮಾತುಗಳನ್ನು ಕಾರ್ಖಾನೆಯ ಬಸ್ಸಿನಲ್ಲೇ ಬಾಯಿಪಾಠ ಮಾಡುತ್ತಿದ್ದ. ಯುದ್ಧದ ಸನ್ನಿವೇಶ ಬಂತೆಂದರೆ ಪಕ್ಕದವರು ಸೀಟು ಬದಲಿಸುತ್ತಿದ್ದರಂತೆ. ಆಟ ಕಲಿಸುವ ಮಾಸ್ತರರಿಗೆ ಇದು ಸಾಲದು. ಅವನು ಎರಡು ಸಲ ಮಾತು ಮರೆತ ಮೇಲೆ ಎಲ್ಲರ ಮುಂದೆ ಹೇಳಿಬಿಟ್ಟರು: “ಇನ್ನೊಂದ್ ಸಲ ತಪ್ಪಿದಿ ಅಂದ್ರ ಕಿರೀಟ ಕಂಪ್ಲಿಯವನ ತಲಿಗೆ ನೋಡು.” ಕಂಪ್ಲಿಯ ಆ ನಟನಿಗೆ ಬಿಡುವಿತ್ತು. ದನಿಯೂ ಚೆನ್ನಾಗಿತ್ತು, ಅದೇ ತೊಂದರೆ.

ಹೊಸಪೇಟೆಯಲ್ಲಿ ಒಂದು ಆಟ. ಯಾರಿಗೆ ಹೊಳೆಯಿತೋ, ರಾತ್ರಿಯಿಡೀ ಆಡುವ ದೊಡ್ಡಾಟವನ್ನು ಬೆಳಿಗ್ಗೆ ಹನ್ನೊಂದಕ್ಕೆ ಇಟ್ಟಿದ್ದರು. ಮಾವ ರಾತ್ರಿ ಪಾಳಿ ಮುಗಿಸಿ ನೇರ ಬಂದಿದ್ದ. ಬಣ್ಣ ಹಚ್ಚಿಸಿಕೊಳ್ಳುವಾಗ ತೂಕಡಿಸಿದ್ದರಿಂದ ಮೀಸೆ ಸೊಟ್ಟಗಾಗಿತ್ತು. ಒಂದು ಗಳಿಗೆ ಮಲಗಬಾರದಿತ್ತೇ ಎಂದು ಕೇಳಿದೆ.

“ಮಕ್ಕೊಂಡಿದ್ರ ಎಬ್ಬಸೋರ್ ಯಾರಲೇ ಅಳಿಯಾ” ಎಂದ.

ದೊಡ್ಡಾಟದಲ್ಲಿ ರಾಜ ಬಂದ ಕೂಡಲೇ ಸಾರಥಿ ಎದುರು ನಿಂತು, ತಾವು ಯಾರು, ತಮ್ಮ ನಾಮಾಂಕಿತವೇನು ಎಂದು ಕೇಳಬೇಕು. ರಾಜ ಗತ್ತಿನಿಂದ ತನ್ನ ಪರಿಚಯ ಹೇಳಿಕೊಳ್ಳಬೇಕು. ಮಾವ ರಂಗದ ಹಲಗೆ ಅದುರುವಂತೆ ಕುಣಿದುಕೊಂಡು ಬಂದ. ಸಾರಥಿ ಕೇಳಿದ. ಮಾವ ಎದೆಯುಬ್ಬಿಸಿ, ಕಾರ್ಖಾನೆಯ ಗೇಟಿನಲ್ಲಿ ವರ್ಷಗಟ್ಟಲೆ ಹೇಳಿ ರೂಢಿಯಾದ ಟೋಕನ್ ನಂಬರನ್ನು, ಅದರ ಹಿಂದೆಯೇ ರಾತ್ರಿ ಪಾಳಿಯ ಹೆಸರಾದ “ಸಿ ಶಿಫ್ಟ್” ಎಂಬುದನ್ನೂ, ರಾಜನ ದನಿಯಲ್ಲೇ ಹೇಳಿದ.

ಮೊದಲು ನಕ್ಕವರು ಹಿಂದಿನ ಸಾಲಿನಲ್ಲಿದ್ದ ಕಾರ್ಖಾನೆಯವರು. ಹಿಮ್ಮೇಳದಲ್ಲಿದ್ದ ಮಾಸ್ತರರ ತಾಳ ನಿಂತಿತು. ಸಾರಥಿ ಮಾತ್ರ ಕೈಮುಗಿದು, “ಪ್ರಭೋ, ಗೇಟ್ ಪಾಸ್ ತಂದೀರೇನ್ರಿ?” ಎಂದ.

ಮಾವ ನಗಲಿಲ್ಲ, ಪರದೆಯ ಹಿಂದಕ್ಕೂ ಹೋಗಲಿಲ್ಲ. ತಾಳವಿಲ್ಲದೆಯೇ ಒಂದು ಸುತ್ತು ಕುಣಿದ. ಆಮೇಲೆ, ನನ್ನ ನೆನಪು ಸರಿಯಿದ್ದರೆ, “ಎಲೈ ಸಾರಥಿಯೇ, ಅದು ರಾತ್ರಿಯ ನಾಮಾಂಕಿತ. ಹಗಲಿನದನ್ನು ಕೇಳುವಂಥವನಾಗು” ಎಂದು ಗುಡುಗಿದ. ಅಲ್ಲಿಂದ ಎರಡು ತಾಸು, ಸೊಟ್ಟ ಮೀಸೆಯಲ್ಲೇ, ಒಂದಕ್ಷರ ಜಾರದೆ ಆಡಿದ.

ಆ ಮಾತು ತನಗೇ ಹೊಳೆದದ್ದೆಂದು ಮಾವ ಹೇಳುತ್ತಾನೆ. ಪಿಸುಗುಟ್ಟಿ ಹೇಳಿಕೊಟ್ಟದ್ದು ತಾನೆಂದು ಸಾರಥಿ ಹೇಳುತ್ತಾನೆ. ನಾನು ಇಬ್ಬರನ್ನೂ ನಂಬುವುದಿಲ್ಲ. ಎರಡು ತಾಸು ಎಂಬುದೂ ನನ್ನ ಅಂದಾಜೇ. ಮಾಸ್ತರರು ಕೊನೆಗೆ ಏನೆಂದರೆಂದು ಯಾರಿಗೂ ನೆನಪಿಲ್ಲ, ಅವರಿಗೂ ಸಹ.

ಹೋದ ತಿಂಗಳು ವಡ್ಡುವಿಗೆ ಹೋದಾಗ ಮೇಳದ ಹಳೆಯ ಕರಪತ್ರಗಳನ್ನು ತೆಗೆಸಿ ನೋಡಿದೆ. ಮರುವರ್ಷದ ಆಟದಲ್ಲಿ ರಾಜನ ಪಾತ್ರದ ಎದುರು ಮಾವನ ಹೆಸರಿದೆ. ಕಂಪ್ಲಿಯವನದು ಮಂತ್ರಿ.