ಕಾರ್ಡು ಸುಟ್ಟಿಲ್ಲ

ವಿನೋಬನಗರದಲ್ಲಿ ಶಕುಂತಲಮ್ಮನವರ ಟೈಪಿಂಗ್ ಶಾಲೆ ಎಂದರೆ ಆಟೋದವರು ಮುಂದೇನೂ ಕೇಳುತ್ತಿರಲಿಲ್ಲ. ಹದಿನೆಂಟು ವರ್ಷದ ಶಾಲೆ, ಎಂಟು ಟೈಪ್‌ರೈಟರು. ರಿಬ್ಬನ್ ಸಿಕ್ಕಿಕೊಳ್ಳಲಿ, ಅಕ್ಷರದ ಕಡ್ಡಿ ಬಾಗಲಿ, ಆಕೆ ಮೆಕ್ಯಾನಿಕ್ಕನ್ನು ಕರೆಸಿದವರಲ್ಲ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಸ್ಕ್ರೂಡ್ರೈವರ್ ಹಿಡಿದು ತಾವೇ ಕೂತುಬಿಡುವರು.

೧೯೯೮ರ ಜೂನ್‌ನಲ್ಲಿ ಆಕೆ ಶಾಲೆಗೊಂದು ಕಂಪ್ಯೂಟರ್ ತಂದರು. ಮೈದುನ ಕರಿಬಸವರಾಜ ಬಾಗಿಲಲ್ಲೇ ನಿಂತು ನಕ್ಕ. "ನಲವತ್ತೇಳು ವರ್ಷಕ್ಕೆ ಇದೆಲ್ಲಾ ಯಾಕ ಬೇಕಿತ್ತು ಅತ್ತಿಗೆ?"

"ಟೈಪ್ ಮಿಷನ್ ತಂದಾಗ್ಲೂ ಹಿಂಗೇ ಅಂದಿದ್ದಿ. ದಾರಿ ಬಿಡು, ಟೇಬಲ್ ಒಳಗೆ ತರಬೇಕು," ಎಂದರು ಶಕುಂತಲಮ್ಮ.

ಕಂಪ್ಯೂಟರ್ ಜೋಡಿಸಿ ಕೊಟ್ಟವನು ಕೊಟ್ಟೂರೇಶ್. ಪೇಟೆಯಲ್ಲಿ ಅವನದೇ ಸಣ್ಣ ಅಂಗಡಿ. ಎರಡು ತಿಂಗಳು ಎಲ್ಲವೂ ಸರಿಯಾಗಿತ್ತು. ಆಮೇಲೊಂದು ಬೆಳಿಗ್ಗೆ ಸ್ವಿಚ್ ಒತ್ತಿದರೆ ಪರದೆ ಕಪ್ಪಾಗಿಯೇ ಉಳಿಯಿತು. ಒಳಗಿಂದ ಒಂದು ಉದ್ದನೆಯ ಕೂಗು, ಹಿಂದೆಯೇ ಎರಡು ಗಿಡ್ಡ ಕೂಗು. ಕೊಟ್ಟೂರೇಶ್ ಬಂದು ನೋಡಿ, ಪರದೆಗೆ ಚಿತ್ರ ಕಳಿಸುವ ಡಿಸ್‌ಪ್ಲೇ ಕಾರ್ಡು ಹೋಗಿದೆ ಎಂದ. ಹಳೆಯದನ್ನು ಜೇಬಿಗೆ ಹಾಕಿಕೊಂಡು ಹೊಸದನ್ನು ಕೂರಿಸಿ, ಹಿಂದಿನ ಸ್ಕ್ರೂ ಬಿಗಿದು ಹೋದ. ಮೂರೇ ದಿನ. ಮತ್ತೆ ಅದೇ ಕಪ್ಪು, ಅದೇ ಕೂಗು.

ಈ ಸಲ ಅವನು ಕಂಪ್ಯೂಟರಿನ ಡಬ್ಬಿಯನ್ನು ಬಿಚ್ಚಲೂ ಇಲ್ಲ.

"ಎರಡು ಕಾರ್ಡು ಸುಟ್ಟೀರಿ ಮೇಡಂ. ನಿಮ್ಮ ಹುಡುಗೇರು ಏನೇನೋ ಒತ್ತತಾರೆ. ಇದಕ್ಕೆ ವಾರಂಟಿ ಬರಂಗಿಲ್ಲ. ಸುಮ್ನೆ ಮಾರಿಬಿಡ್ರಿ, ಟೈಪ್ ಮಿಷನ್ನೇ ನಿಮಗೆ ಸರಿ."

ಕಲಿಯಲು ಬಂದ ಆರು ಹುಡುಗಿಯರು ಅಲ್ಲೇ ಕೂತಿದ್ದರು. ಅವರಲ್ಲಿ ಆನೆಕೊಂಡದ ನಯನಾ, ಹಿಂದಿನ ದಿನ ಕೊನೆಗೆ ಕೀಲಿಮಣೆ ಮುಟ್ಟಿದವಳು, ತಲೆ ತಗ್ಗಿಸಿದಳು. ಅದನ್ನು ಕಂಡು ಶಕುಂತಲಮ್ಮನಿಗೆ ಮೈ ಉರಿಯಿತು. ಬೈಗುಳ ಆಕೆಗೆ ಹೊಸದಲ್ಲ. ತಮ್ಮ ಶಾಲೆಯ ಹುಡುಗಿಯ ತಲೆ ತಗ್ಗಿದ್ದು ಹೊಸದು.

"ಸುಟ್ಟ ವಾಸನೆ ಬಂತೇನ್ರಿ?"

"ಎಲ್ಲಾ ಸಲ ವಾಸನೆ ಬರಲ್ಲ ಮೇಡಂ."

"ಹಂಗಾದ್ರೆ ನೋಡೇ ಬಿಡಾಣ. ನೀವಿನ್ನು ಹೊರಡ್ರಿ."

ಯಂತ್ರದ ಜೊತೆ ಬಂದಿದ್ದ ಇಂಗ್ಲಿಷ್ ಪುಸ್ತಕವನ್ನು ಡಿಕ್ಷನರಿ ಇಟ್ಟುಕೊಂಡು ಓದಿದರು. ಒಂದು ಉದ್ದ, ಎರಡು ಗಿಡ್ಡ ಎಂದರೆ ಯಂತ್ರಕ್ಕೆ ಕಾರ್ಡು ಸಿಗುತ್ತಿಲ್ಲ ಎಂದು ಬರೆದಿತ್ತು. ಸುಟ್ಟಿದೆ ಎಂದು ಎಲ್ಲೂ ಬರೆದಿರಲಿಲ್ಲ. ಆಕೆ ವೈರು ಕಿತ್ತು, ಮುಚ್ಚಳ ತೆಗೆದು, ಕಾರ್ಡು ಬಿಚ್ಚಿ, ಅದು ಬಂದಿದ್ದ ಕವರಿನಲ್ಲೇ ಇಟ್ಟು ಹರಿಹರದ ಬಸ್ಸು ಹತ್ತಿದರು. ದಾರಿಯಲ್ಲಿನ ಬಾತಿ ಊರು ದಾಟುವವರೆಗೂ ನಿಂತೇ ಹೋಗಬೇಕಾಯಿತು. ಯಾರ ಮೊಣಕೈಯೂ ತಾಗದ ಹಾಗೆ ಕವರನ್ನು ಎದೆಗೊತ್ತಿಕೊಂಡಿದ್ದರು.

ಹರಿಹರದಲ್ಲಿ ಸುಗ್ರಾಬಿ ಇದ್ದಳು. ಹತ್ತು ವರ್ಷದ ಹಿಂದೆ ಇವರ ಹತ್ತಿರವೇ ಟೈಪಿಂಗ್ ಕಲಿತು, ಈಗ ಬಸ್ ಸ್ಟ್ಯಾಂಡ್ ಹತ್ತಿರ ಕಂಪ್ಯೂಟರ್ ಇಟ್ಟುಕೊಂಡು ಅರ್ಜಿ, ಕರಾರುಪತ್ರ ಟೈಪು ಮಾಡಿಕೊಡುತ್ತಿದ್ದಳು.

"ನಿನ್ನ ಮಿಷನ್‌ನಾಗೆ ಇದನ್ನ ಹಾಕಿ ನೋಡಬೇಕು. ಏನಾದ್ರೂ ಆದ್ರೆ ನಂದೇ ಜವಾಬ್ದಾರಿ."

"ಟೀಚರ್, ನೀವು ಹೇಳಿದ ಮ್ಯಾಲೆ ಮುಗೀತು. ಕೂಡ್ರಿ," ಎಂದು ಸುಗ್ರಾಬಿ ಟೈಪು ಮಾಡುತ್ತಿದ್ದುದನ್ನು ಸೇವ್ ಮಾಡಿ, ಯಂತ್ರ ಆರಿಸಿ, ತನ್ನ ಕಾರ್ಡು ತೆಗೆದು ಇದನ್ನು ಕೂರಿಸಿದಳು. ಸ್ವಿಚ್ ಒತ್ತಿದರು. ಒಂದೇ ಒಂದು ಗಿಡ್ಡ ಕೂಗು, ಪರದೆಯ ತುಂಬ ಅಕ್ಷರ.

"ಯಾರ್ರೀ ಸುಟ್ಟೈತೆ ಅಂದೋರು?" ಎಂದಳು ಸುಗ್ರಾಬಿ.

ಶಕುಂತಲಮ್ಮ ಚಹಾ ಕುಡಿಯಲೂ ನಿಲ್ಲಲಿಲ್ಲ.

ಶಾಲೆಗೆ ಬಂದು ಕಾರ್ಡನ್ನು ಮತ್ತೆ ಅದರ ಸಂದಿಗೆ ಒತ್ತಿ, ಸ್ಕ್ರೂ ಹಾಕುವ ಮೊದಲೇ ಸ್ವಿಚ್ ಒತ್ತಿದರು. ಪರದೆ ಬೆಳಗಿತು! ಆರಿಸಿ, ಸ್ಕ್ರೂ ಬಿಗಿದು, ಮತ್ತೆ ಸ್ವಿಚ್ ಒತ್ತಿದರು. ಕಪ್ಪು. ಮತ್ತೆ ಆರಿಸಿ, ಕನ್ನಡಕ ಸರಿಮಾಡಿಕೊಂಡು, ಬಗ್ಗಿ, ಸ್ಕ್ರೂವನ್ನು ಇಷ್ಟಿಷ್ಟೇ ತಿರುಗಿಸುತ್ತ ನೋಡಿದರು. ಸ್ಕ್ರೂ ಬಿಗಿಯಾದಂತೆ ಕಾರ್ಡಿನ ಆಚೆ ತುದಿ ಉಗುರಿನ ದಪ್ಪದಷ್ಟು ಮೇಲೇಳುತ್ತಿತ್ತು. ಡಬ್ಬಿಯ ಹಿಂಬದಿಯ ತಗಡು ಸೊಟ್ಟಗಿತ್ತು. ಕೊಟ್ಟೂರೇಶ್ ಬಿಗಿದಷ್ಟೂ ಕಾರ್ಡು ಸಂದಿಯಿಂದ ಸಡಿಲವಾಗಿತ್ತು, ದಿನ ಕಳೆದಂತೆ ಪೂರ್ತಿ ಕೈಬಿಟ್ಟಿತ್ತು. ಆಕೆ ನಯನಾಳನ್ನು ಕರೆದು, ಅವಳ ಕೈಯಿಂದಲೇ ಮೂರು ಸಲ ಸ್ಕ್ರೂ ಬಿಗಿಸಿ, ಬಿಚ್ಚಿಸಿ ತೋರಿಸಿದರು.

ಮರುದಿನ ಹನ್ನೊಂದಕ್ಕೆ ಪರದೆ, ಡಬ್ಬಿ ಎರಡನ್ನೂ ಆಟೋದಲ್ಲಿಟ್ಟುಕೊಂಡು ಕೊಟ್ಟೂರೇಶನ ಅಂಗಡಿಗೆ ಹೋದರು. ನಾಲ್ಕು ಗಿರಾಕಿಗಳಿದ್ದರು.

"ಒಳಗೆ ಬರ್ರಿ ಮೇಡಂ, ಆಮೇಲೆ ಮಾತಾಡಾಣ."

"ಬ್ಯಾಡ. ಇಲ್ಲೇ ಆಗಲಿ."

ಗಿರಾಕಿಗಳ ಮುಂದೆಯೇ ಸ್ಕ್ರೂ ಬಿಗಿದು ತೋರಿಸಿದರು, ಬಿಚ್ಚಿ ತೋರಿಸಿದರು. ಕೊಟ್ಟೂರೇಶ್ ಬಗ್ಗಿ ನೋಡಿದ. ಎದ್ದಾಗ ಕಿವಿ ಕೆಂಪಾಗಿತ್ತು.

"ಸ್ಕ್ರೂ ಹಾಕದಂಗೆ ಬಿಟ್ಟುಬಿಡ್ರಿ, ನಡೀತೈತೆ."

"ನಡೆಯೋದಲ್ಲ ನನಗೆ ಬೇಕಾಗಿರೋದು. ಸೊಟ್ಟ ಡಬ್ಬಿ ಕೊಟ್ಟೋರು ನೀವು, ನೆಟ್ಟಗಿರೋದು ಕೊಡ್ರಿ. ಅಲ್ಲೀ ತನಕ ಒಂದು ಕುರ್ಚಿ ಹಾಕ್ರಿ, ಕೂಡ್ತೀನಿ."

ಕುರ್ಚಿ ಬರಲಿಲ್ಲ. ಆಕೆ ತಾವೇ ಎಳೆದುಕೊಂಡು ಬಾಗಿಲಿಗೆ ಎದುರಾಗಿ ಕೂತರು. ಬಂದ ಗಿರಾಕಿಯೆಲ್ಲ ಏನಾಯಿತೆಂದು ಕೇಳುವುದು, ಆಕೆ ಮೊದಲಿಂದ ಹೇಳುವುದು. ಒಬ್ಬ ಬೆಲೆ ಕೇಳಲು ಬಂದವನು ಕೇಳದೆಯೇ ಹೋದ. ಮಧ್ಯಾಹ್ನ ಎರಡರ ಹೊತ್ತಿಗೆ ಕೊಟ್ಟೂರೇಶ್ ಗೋಡೌನಿನಿಂದ ಹೊಸ ಡಬ್ಬಿ ತರಿಸಿ, ಒಳಗಿನದನ್ನೆಲ್ಲ ಅದಕ್ಕೆ ಜೋಡಿಸಿದ. ಸ್ಕ್ರೂ ಬಿಗಿಯುವಾಗ ಆಕೆ ಎದ್ದು ಪಕ್ಕದಲ್ಲೇ ನಿಂತಿದ್ದರು. ಬಿಗಿದ ಮೇಲೂ ಪರದೆ ಬೆಳಗಿತು.

"ಆಯ್ತಲ್ಲ ಮೇಡಂ?"

"ಇನ್ನೂ ಒಂದೈತೆ. ನನ್ನ ಹುಡುಗೇರು ಸುಟ್ಟಾರೆ ಅಂದ್ರಲ್ಲ, ಆ ಮಾತು ಅವರ ಮುಂದೆ ವಾಪಸ್ ತಗೋಬೇಕು."

"ಅದೇನು ದೊಡ್ಡ ಮಾತು, ಬಿಡ್ರಿ…"

"ದೊಡ್ಡ ಮಾತೇ. ಸಂಜೆ ಐದಕ್ಕೆ ಕ್ಲಾಸ್ ಐತೆ."

ಐದಕ್ಕೆ ಅವನು ಬಂದ. ಹೊಸ್ತಿಲಾಚೆ ನಿಂತು, ಯಾರ ಮುಖವನ್ನೂ ನೋಡದೆ, "ನಿಮ್ಮದೇನೂ ತಪ್ಪಿರಲಿಲ್ಲ," ಎಂದು ಗೊಣಗಿದ.

"ಕೇಳಿಸಲಿಲ್ರಿ," ಎಂದಳು ನಯನಾ.

ಶಕುಂತಲಮ್ಮ ಅವಳನ್ನು ಗದರಿಸಲಿಲ್ಲ. ಕೊಟ್ಟೂರೇಶ್ ಇನ್ನೊಮ್ಮೆ, ಜೋರಾಗಿ ಹೇಳಿದ.