ಹೊಗೆ ಹಿಡಿದ ಗೇಮ್ ಕ್ಯಾಸೆಟ್ಟಿನ ಹಾಡು

ನನಗಾಗ ಅರವತ್ತೊಂದು. ಇಪ್ಪತ್ತು ವರ್ಷವಾಯಿತು. ಆವತ್ತು ನನ್ನ ತಂಗಿಯ ಮಗಳು ವನಜ ನನ್ನನ್ನು ಕೊಂದುಬಿಡುವಂತೆ ನೋಡಿದಳು. ತಪ್ಪು ನನ್ನದೇ.

ಆಲ್ದೂರಿನಲ್ಲಿ ನನ್ನದೊಂದು ವಿಡಿಯೋ ಗೇಮ್ ಅಂಗಡಿ ಇತ್ತು. (ಓದಿದ್ದು ಎರಡನೇ ಕ್ಲಾಸು. ಗೇಮ್ ಆಡಿಸಲು ಅಷ್ಟು ಸಾಕು.) ಅಂಗಡಿ ಮುಚ್ಚಿದಾಗ ಲೇಬಲ್ ಇಲ್ಲದ ಒಂದು ಕ್ಯಾಸೆಟ್ ಉಳಿಯಿತು. ಆ ಗೇಮಿನ ಹಾಡೆಂದರೆ ವನಜಳಿಗೆ ಪ್ರಾಣ. ಕಂಪ್ಯೂಟರ್ ಟೀಚರ್ ಆದಮೇಲೆ ಅದನ್ನು ಟಿವಿಯಿಂದ ಎಂಪಿತ್ರೀ ಮಾಡಿ, ಗೇಮ್ ಹಾಡು ಕೂಡಿಡುವ ಇಂಟರ್ನೆಟ್ ಗುಂಪಿಗೆ ಕಳಿಸಿದಳು. ಬಂದ ಉತ್ತರ? ಇಂಥ ಗೇಮೇ ಇಲ್ಲ, ಹಾಡು ನೀನೇ ನುಡಿಸಿದ್ದು. ಅಂದರೆ ಸುಳ್ಳಿ! ಕ್ಯಾಸೆಟ್ಟಿನಿಂದಲೇ ತೆಗೆದ ಎನ್‌ಎಸ್‌ಎಫ್ ಫೈಲು ಕೊಟ್ಟರೆ ಮಾತ್ರ ನಂಬುತ್ತಾರಂತೆ.

"ಎರಡ್ರಲ್ಲೂ ಅದೇ ಹಾಡಲ್ವೇನೆ?"

"ಎಂಪಿತ್ರೀ ಕಾಫಿಪುಡಿ ಇದ್ದಂಗೆ ದೊಡ್ಡಮ್ಮ. ಯಾವ ತೋಟದ್ದು ಅಂತ ಹೇಳಕ್ಕಾಗುತ್ತಾ? ಎನ್‌ಎಸ್‌ಎಫ್ ಪಾರ್ಚ್‌ಮೆಂಟು, ಸಿಪ್ಪೆ ಸಮೇತ ಬೀಜ. ಯಾವ ಸ್ವರ ಯಾವಾಗ ಅಂತ ಗೇಮ್ ಮಾಡ್ದೋರು ಬರೆದದ್ದೇ ಅದ್ರಲ್ಲಿರುತ್ತೆ."

ಇದು ತಲೆಗೆ ಹತ್ತಿತು.

ಕ್ಯಾಸೆಟ್ ಓದುವ ಬೋರ್ಡನ್ನು ಎರವಲು ತಂದಿದ್ದಳು. ಐದು ಗಂಟೆ ಬಸ್ಸಿಗೆ ಅದು ವಾಪಸ್ ಹೋಗಬೇಕು. ನಾಲ್ಕಕ್ಕೆ ನಾನು ಕ್ಯಾಸೆಟ್ಟನ್ನು ಒಲೆಯ ಮೇಲಿನ ಅಟ್ಟದಿಂದ ಇಳಿಸಿದೆ. ಬೂಷ್ಟು ಹಿಡಿಯದಿರಲಿ ಎಂದು ಬಿತ್ತನೆ ಬೀಜ, ಉಪ್ಪು, ಬೆಂಕಿಪೊಟ್ಟಣ ಎಲ್ಲ ನಾವು ಇಡುವುದು ಅಲ್ಲೇ. ಇದನ್ನೂ ಇಟ್ಟಿದ್ದೆ. ವನಜ ಟಿವಿಯಿಂದ ಹಾಡು ತೆಗೆದುಕೊಂಡ ಮೇಲೆ ಮೂರು ಮಳೆಗಾಲ.

"ಥೂ! ಹೊಗೆ ಕೊಡಕ್ಕೆ ಇದೇನು ಒಣಮೀನಾ?"

ಬೋರ್ಡಿಗೆ ಸಿಕ್ಕಿಸಿದಳು. ಕಂಪ್ಯೂಟರ್ ಏನೂ ಇಲ್ಲ ಎಂದಿತು. ಮತ್ತೆ ಸಿಕ್ಕಿಸಿದಳು. ಏನೂ ಇಲ್ಲ. ಗಂಟೆ ನಾಲ್ಕೂವರೆ. ಆಗಲೇ ಅವಳು ನನ್ನನ್ನು ಹಾಗೆ ನೋಡಿದ್ದು.

"ಕೊಡೆ ಇಲ್ಲಿ."

ಸ್ಕ್ರೂ ಬಿಚ್ಚಿದೆ. ಒಳಗಿನ ಲೋಹದ ಹಲ್ಲುಗಳಿಗೆಲ್ಲ ಮಸಿ, ಜಿಡ್ಡು. ಪೆನ್ಸಿಲ್ ರಬ್ಬರಿನಿಂದ ಒಂದೊಂದನ್ನೇ ಉಜ್ಜಿದೆ. (ಅಂಗಡಿಯಲ್ಲಿ ಹತ್ತು ವರ್ಷ ಮಾಡಿದ ಕೆಲಸ. ಯಾರು ಕಲಿಸಬೇಕು?)

"ಬೇಗ ದೊಡ್ಡಮ್ಮ!"

"ಬೇಗ ಉಜ್ಜಿದ್ರೆ ಹಲ್ಲೇ ಕಿತ್ತು ಬರುತ್ತೆ. ಬಾಯ್ಮುಚ್ಕೊಂಡು ಕೂರು ಮಾರಾಯ್ತಿ."

ಐದಕ್ಕೆ ಹತ್ತು ನಿಮಿಷ. ಈ ಸಲ ಕಂಪ್ಯೂಟರ್ ಓದಿತು. ಕೊನೆಯವರೆಗೂ ಓದಿತು. ಆ ಕ್ಯಾಸೆಟ್ ಮತ್ತೆಂದೂ ನಡೆಯಲಿಲ್ಲ, ಅದು ಬೇರೆ ಮಾತು. ವನಜ ಬೋರ್ಡನ್ನು ಬಸ್ಸಿಗೆ ಕೊಡಲು ಓಡಿದಳು. ಬಂದು ಹಾಡನ್ನಷ್ಟೇ ಬಿಡಿಸಿ ಫೈಲು ಮಾಡಿದಳು. ಫ್ಲಾಪಿಯ ಒಂದು ಮೂಲೆಯೂ ತುಂಬಲಿಲ್ಲ.

ಗುಂಪಿನವರು ಆಮೇಲೆ ಒಪ್ಪಿದರು. ಅಲ್ಲಿಯವರೆಗೆ ನಾನು ಕಾಯಲಿಲ್ಲ. ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಅದೇ ಫೈಲು ತುಂಬಿಸಿದ ಇನ್ನೊಂದು ಫ್ಲಾಪಿ ಹಿಡಿದು ಬಾಳೂರಿಗೆ ಹೋಗಿ, ವನಜಳ ಅಮ್ಮನ ಕೈಗಿಟ್ಟೆ.

"ಏನಕ್ಕ ಇದು?"

"ನಿನ್ನ ಮಗಳು ಸುಳ್ಳಿ ಅಲ್ಲ ಅನ್ನೋದು. ಒಂದು ಇಲ್ಲೂ ಇರ್ಲಿ."